ಮರುಧರೆಯ ನೀರೂ ಮನೆತನಗಳೂ
(ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ನಾನೂ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದು ಅಪ್ಪಣೆಯಾಯಿತು. ನೀರು ಮತ್ತು ವ್ಯಾಪಾರ ಇವೆರಡೂ ಕೆಲವೇ ಮನೆತನಗಳ ಕೈಯಲ್ಲಿದ್ದ ಒಂದು ರಾಜ್ಯದ ವೃತ್ತಾಂತವನ್ನು ಹೇಳಬೇಕೆಂದು ನಾನು ನಿಶ್ಚಯಿಸಿದೆನು. ಅಂತಹ ರಾಜ್ಯವು ಕಥೆಗಳಲ್ಲಿ ಮಾತ್ರ ಇರುವುದೆಂದು ತಾವು ಭಾವಿಸಬಹುದು. ಮರಳುಗಾಡಿನ ನಡುವೆ ಹೊನ್ನಿನ ಬಣ್ಣದ ಕೋಟೆ, ಒಂಟೆಗಳ ಸಾಲು, ಮಂತ್ರಿಯ ಕುಟಿಲ, ಒಂದೇ ರಾತ್ರಿಯಲ್ಲಿ ಬರಿದಾದ ಊರುಗಳು, ಇವೆಲ್ಲ ಅಜ್ಜಿಯ ಕಥೆಯ ಸಾಮಗ್ರಿಗಳೇ ಸರಿ. ಆದರೆ ಆ ರಾಜ್ಯವು ನಮ್ಮ ಭರತಖಂಡದಲ್ಲಿಯೇ ಇದ್ದಿತು. ಅದರ ಕೋಟೆಯಲ್ಲಿ ಇಂದಿಗೂ ಜನರು ವಾಸಿಸುತ್ತಿರುವರು. ಅದರ ಹೆಸರು ಜೈಸಲ್ಮೇರ.

ರಾಜಸ್ಥಾನದ ಪಶ್ಚಿಮದ ಅಂಚಿನಲ್ಲಿ, ಸಿಂಧ್ ಪ್ರಾಂತದ ಮಗ್ಗುಲಿಗೆ, ಥಾರ್ ಮರುಭೂಮಿಯ ಒಡಲಿನಲ್ಲಿ ಈ ನಾಡು ಇರುವುದು. ವರ್ಷಕ್ಕೆ ಸರಾಸರಿ ೧೬ ಸೆಂಟಿಮೀಟರಿನಷ್ಟು ಮಳೆ ಬೀಳುತ್ತದೆ. ಸರಾಸರಿ ಎಂದೆನು, ಏಕೆಂದರೆ ಒಂದು ವರ್ಷ ಅದರ ಅರ್ಧವೂ ಬೀಳದೆ, ಮತ್ತೊಂದು ವರ್ಷ ಎರಡೇ ದಿನಗಳಲ್ಲಿ ಅಷ್ಟೂ ಸುರಿದು ಹೋಗಬಹುದು. ಸದಾ ಹರಿಯುವ ನದಿ ಒಂದೂ ಇಲ್ಲ. ಯದುವಂಶದವರೆಂದು ಹೇಳಿಕೊಳ್ಳುವ ಭಾಟಿ ರಾಜಪೂತರು ಮೊದಲು ಲೋದ್ರವಾ ಎಂಬಲ್ಲಿ ಆಳಿಕೊಂಡಿದ್ದರು. ಅವರಲ್ಲಿ ಜೈಸಲನೆಂಬ ರಾವಲನು ೧೧೫೬ರಲ್ಲಿ ತ್ರಿಕೂಟವೆಂಬ ಗುಡ್ಡದ ಮೇಲೆ ಹೊಸ ಕೋಟೆಗೆ ಅಡಿಗಲ್ಲಿಟ್ಟನೆಂದು ಪರಂಪರೆಯು ಹೇಳುತ್ತದೆ. ಹಳದಿ ಮರಳುಗಲ್ಲಿನ ಆ ಕೋಟೆಗೆ ೯೯ ಕೊತ್ತಲಗಳು. ಸಂಜೆಯ ಬಿಸಿಲು ಬಿದ್ದಾಗ ಕಲ್ಲೇ ಬಂಗಾರವಾದಂತೆ ಕಾಣುವುದೆಂದು ಕಂಡವರೆಲ್ಲರೂ ವರ್ಣಿಸುವರು.

ಇಂತಹ ನೆಲದಲ್ಲಿ ಎಂಟು ನೂರು ವರ್ಷ ಒಂದೇ ವಂಶವು ಹೇಗೆ ರಾಜ್ಯವಾಳಿತು? ಜನರು ಏನನ್ನು ಕುಡಿದರು? ಇದನ್ನು ತಿಳಿಯದೆ ಅಲ್ಲಿನ ಮನೆತನಗಳ ಕಥೆಯು ತಿಳಿಯುವುದಿಲ್ಲ. ಆದುದರಿಂದ ನೀರಿನ ಸಂಗತಿಯನ್ನು ಮೊದಲು ಸ್ವಲ್ಪ ವಿಸ್ತಾರವಾಗಿ ಹೇಳುವೆನು. ತಾವು ಬೇಸರಿಸಬಾರದು.

ಮರುಭೂಮಿಯ ಜನರು ನೀರನ್ನು ಮೂರು ಬಗೆಯೆಂದು ಎಣಿಸುತ್ತಾರೆ. ಮಳೆಯಾಗಿ ಬಿದ್ದು ನೆಲದ ಮೇಲೆ ಹರಿದು ಕೆರೆ ಕುಂಟೆಗಳಲ್ಲಿ ನಿಲ್ಲುವುದು 'ಪಾಲರ' ನೀರು. ಬಹಳ ಆಳದ ಬಾವಿಗಳಲ್ಲಿ ಸಿಕ್ಕುವುದು 'ಪಾತಾಳ' ನೀರು. ಇದು ಅನೇಕ ಕಡೆ ಉಪ್ಪು. ಇವೆರಡರ ನಡುವೆ ಮೂರನೆಯದೊಂದು ಉಂಟು. ಮರಳಿನ ಕೆಳಗೆ ಕೆಲವೆಡೆಗಳಲ್ಲಿ ಸುಣ್ಣದಂತಹ ಜಿಪ್ಸಮ್ ಪದರವು ಹಾಸಿಕೊಂಡಿರುತ್ತದೆ. ಮಳೆಯ ನೀರು ಮರಳಿನಲ್ಲಿ ಇಂಗಿ, ಆ ಪದರವನ್ನು ದಾಟಲಾರದೆ, ಉಪ್ಪುನೀರಿನೊಡನೆ ಬೆರೆಯದೆ, ಮರಳಿನ ಕಣಕಣಗಳ ನಡುವೆ ತೇವವಾಗಿ ಉಳಿಯುವುದು. ಇದೇ 'ರೇಜಾಣೀ' ನೀರು. ಕಣ್ಣಿಗೆ ಕಾಣದ ಈ ತೇವವನ್ನು ಹನಿಹನಿಯಾಗಿ ಒಸರಿಸಿಕೊಳ್ಳುವುದಕ್ಕಾಗಿ ಅವರು ಕಿರುಬಾವಿಗಳನ್ನು ತೋಡುತ್ತಾರೆ. ಅದಕ್ಕೆ 'ಕುಂಯಿ' ಎಂದು ಹೆಸರು. ಒಬ್ಬನು ಕುಕ್ಕರುಗಾಲಿನಲ್ಲಿ ಕುಳಿತು ಅಗೆಯುವಷ್ಟೇ ಅಗಲ. ಆಳವೋ ಮೂವತ್ತು ಮೊಳದಿಂದ ಅರವತ್ತು ಮೊಳ. ಒಳಗೆ ಸೆಕೆಯಿಂದ ಉಸಿರು ಕಟ್ಟುವುದರಿಂದ ಮೇಲೆ ನಿಂತವರು ಆಗಾಗ ಮುಷ್ಟಿ ಮುಷ್ಟಿಯಾಗಿ ಮರಳನ್ನು ರಭಸದಿಂದ ಕೆಳಕ್ಕೆ ಎಸೆಯುವರು. ಅದರೊಡನೆ ಹೊಸ ಗಾಳಿಯು ಕೆಳಗಿಳಿಯುವುದು. ಅಗೆಯುವವನು ಆ ಮರಳಿನ ಏಟಿನಿಂದ ತಲೆಯನ್ನು ಕಾಯ್ದುಕೊಳ್ಳಲು ಲೋಹದ ಪಾತ್ರೆಯನ್ನು ಶಿರಸ್ತ್ರಾಣದಂತೆ ತೊಟ್ಟಿರುವನು. ಬದಿಯ ಮರಳು ಕುಸಿಯದಂತೆ ಖೀಂಪ್ ಎಂಬ ಹುಲ್ಲಿನ ದಪ್ಪ ಹಗ್ಗವನ್ನು ಸುರುಳಿ ಸುರುಳಿಯಾಗಿ ಒಳಗೋಡೆಗೆ ಸುತ್ತುವರು. ಇಷ್ಟೆಲ್ಲ ಪಟ್ಟ ಮೇಲೆ ದಿನಕ್ಕೆ ದೊರೆಯುವುದು ಎರಡು ಮೂರು ಕೊಡ ಸಿಹಿನೀರು!

ಈ ಕುಂಯಿಯಲ್ಲಿ ಒಂದು ವಿಶೇಷ ಧರ್ಮವುಂಟು. ನನ್ನ ಇಂದಿನ ಮಾತಿನ ಮೂಲವೇ ಅದು. ಕುಂಯಿಯು ಅದನ್ನು ತೋಡಿಸಿದ ಮನೆಯ ಸ್ವತ್ತು. ಆದರೆ ಅದನ್ನು ತೋಡಿರುವ ನೆಲವು ಊರಿನ ಸಮಸ್ತರದು. ಕೆಳಗಿನ ತೇವವು ಒಂದೇ. ಹೊಸದಾಗಿ ಒಬ್ಬನು ಕುಂಯಿ ತೋಡಿದನೆಂದರೆ ಇದ್ದ ತೇವವೇ ಇನ್ನೊಂದು ಪಾಲಾಯಿತು, ಹೊಸ ನೀರೇನೂ ಹುಟ್ಟಲಿಲ್ಲ. ಆದುದರಿಂದ ಊರಿನ ಸಮ್ಮತಿಯಿಲ್ಲದೆ ಯಾವ ಮನೆಯವರೂ, ಎಷ್ಟೇ ದೊಡ್ಡವರಾಗಿರಲಿ, ಹೊಸ ಕುಂಯಿಗೆ ಕೈ ಹಚ್ಚುವಂತಿರಲಿಲ್ಲ. ದಿನಕ್ಕೊಮ್ಮೆ, ಗೋಧೂಳಿಯ ಹೊತ್ತಿಗೆ, ಊರಿನ ಕುಂಯಿಗಳೆಲ್ಲವೂ ಒಟ್ಟಿಗೆ ತೆರೆಯಲ್ಪಡುವುವು. ಯಾರು ಎಷ್ಟು ಕೊಡ ಸೇದಿದರೆಂಬುದನ್ನು ಎಲ್ಲರೂ ಕಾಣುವರು. ಬಳಿಕ ಮುಚ್ಚಳ ಬೀಳುವುದು.

ಇನ್ನು ರಾಜಧಾನಿಯ ನೀರು. ಕೋಟೆಯ ಆಗ್ನೇಯಕ್ಕೆ ಗಡೀಸರವೆಂಬ ಕೆರೆ ಇರುವುದು. ೧೪ನೆಯ ಶತಮಾನದಲ್ಲಿ ಘಡಸೀ ಎಂಬ ರಾವಲನು ಇದನ್ನು ಕಟ್ಟಿಸಿದನು. ಕೆರೆಯ ಕೆಲಸವನ್ನು ನೋಡಿಕೊಳ್ಳುತ್ತಿರುವಾಗಲೇ ಅವನು ಏರಿಯ ಮೇಲೆ ಹಂತಕರ ಕೈಯಿಂದ ಹತನಾದನೆಂದೂ, ಅವನ ರಾಣಿಯು ಕೆರೆಯು ಪೂರ್ಣವಾಗುವವರೆಗೆ ತನ್ನ ದುಃಖವನ್ನು ನುಂಗಿಕೊಂಡು ಕೆಲಸವನ್ನು ಮುಗಿಸಿದಳೆಂದೂ ಐತಿಹ್ಯ. ೨೦ನೆಯ ಶತಮಾನದ ನಡುಭಾಗದವರೆಗೂ ಆ ಪಟ್ಟಣವು ಮುಖ್ಯವಾಗಿ ಕುಡಿದದ್ದು ಇದೇ ಕೆರೆಯ ನೀರನ್ನು. ಕೆರೆಗೆ ನೀರು ಹರಿದು ಬರುವ ಸುತ್ತಲಿನ ನೆಲಕ್ಕೆ ಅವರು 'ಆಗೋರ' ಎನ್ನುವರು. ಅಲ್ಲಿ ಮಲಮೂತ್ರಾದಿಗಳಿಗೂ ಪಾದರಕ್ಷೆಗೂ ನಿಷೇಧವಿತ್ತು. ಮಳೆಗಾಲಕ್ಕೆ ಮುಂಚೆ ಆ ನೆಲವನ್ನು ಗುಡಿಯ ಅಂಗಳದಂತೆ ಗುಡಿಸಿ ಇಡುತ್ತಿದ್ದರು. ಹೂಳು ತುಂಬಿದಾಗ 'ಲ್ಹಾಸ'ವೆಂಬ ಸಮೂಹಶ್ರಮ ನಡೆಯುತ್ತಿತ್ತು. ಅದರಲ್ಲಿ ಕೂಲಿಯ ಮಾತೇ ಇರಲಿಲ್ಲ. ಅರಸನ ಮನೆಯವರೂ ಸಾಹುಕಾರರೂ ಬಡವರೂ ಒಂದೇ ಸಾಲಿನಲ್ಲಿ ಮಣ್ಣಿನ ಬುಟ್ಟಿಯನ್ನು ಹೊರುತ್ತಿದ್ದರು.

ಗಡೀಸರವು ತುಂಬಿ ಕೋಡಿ ಬಿದ್ದರೆ ಆ ನೀರು ಮರಳಿನ ಪಾಲಾಗುತ್ತಿರಲಿಲ್ಲ. ಕೆಳಗಿನ ಕೆರೆಯೊಂದು ಅದನ್ನು ಹಿಡಿಯುವುದು, ಅದು ತುಂಬಿದರೆ ಇನ್ನೊಂದು. ಗೋವಿಂದಸರ, ಜೋಶೀಸರ, ಗುಲಾಬಸರ, ಭಾಟಿಯಾಸರ ಎಂದು ಅವುಗಳ ಹೆಸರುಗಳು. ಈ ಹೆಸರುಗಳನ್ನು ಕೇಳಿದರೇ ತಿಳಿಯುವುದು, ಒಂದೊಂದು ಕೆರೆಯ ಹಿಂದೆ ಒಂದೊಂದು ಕುಲ ಅಥವಾ ಮನೆತನದ ಕೈ ಇರುವುದೆಂದು. ಅರಸನ ಕೆರೆಯ ಕೋಡಿಯು ಸಾಹುಕಾರನ ಕೆರೆಗೆ ಒಳಹರಿವು. ಮೇಲಿನವನು ಕೋಡಿಯನ್ನು ಎತ್ತರಿಸಿದರೆ ಕೆಳಗಿನವನಿಗೆ ತಕ್ಷಣ ತಿಳಿಯುವುದು. ಇದೇ ಕೆರೆಯ ದಂಡೆಯಲ್ಲಿ ತೀಲೋಂ ಎಂಬ ಗಣಿಕೆಯು ಕಟ್ಟಿಸಿದ ಹೆಬ್ಬಾಗಿಲೊಂದಿದೆ. ಗಣಿಕೆಯ ಬಾಗಿಲಿನ ಕೆಳಗೆ ರಾಜಮನೆತನದವರು ನೀರಿಗೆ ಹೋಗುವುದೆಂತು ಎಂದು ಆಕ್ಷೇಪ ಬಂದಾಗ ಅವಳು ಬಾಗಿಲಿನ ಮೇಲೆ ದೇವರ ಗುಡಿಯನ್ನು ಕಟ್ಟಿಸಿಬಿಟ್ಟಳಂತೆ. ಗುಡಿಯನ್ನು ಕೆಡಹುವ ಧೈರ್ಯ ಯಾರಿಗೂ ಬರಲಿಲ್ಲ, ಬಾಗಿಲು ಉಳಿಯಿತು. ಕಥೆಯು ಎಷ್ಟು ನಿಜವೋ ತಿಳಿಯದು, ಬಾಗಿಲಂತೂ ನಿಂತಿದೆ.

ಇಷ್ಟು ಕುಡಿಯುವ ನೀರಿನ ಮಾತಾಯಿತು. ಅನ್ನಕ್ಕೆ ಏನು ಗತಿ? ಇಲ್ಲಿ ಪಾಲೀವಾಲ ಬ್ರಾಹ್ಮಣರ ಪ್ರವೇಶವಾಗುತ್ತದೆ. ಮಾರವಾಡದ ಪಾಲೀ ಎಂಬ ಪಟ್ಟಣದಲ್ಲಿ ವ್ಯಾಪಾರದಿಂದ ಬದುಕಿದ್ದ ಇವರು ದಂಡಯಾತ್ರೆಗಳ ಕಾಲದಲ್ಲಿ ಆ ಊರನ್ನು ತೊರೆದು ಜೈಸಲ್ಮೇರದ ಹಳ್ಳಿಗಳಿಗೆ ಬಂದು ನೆಲಸಿದರು. ಆ ವಿಪತ್ತಿನ ನೆನಪಿಗಾಗಿ ಇಂದಿಗೂ ಅವರು ರಕ್ಷಾಬಂಧನದ ಹಬ್ಬವನ್ನು ಆಚರಿಸುವುದಿಲ್ಲ. ಈ ಜನರು ಕಲ್ಲುನೆಲವನ್ನೂ ಮರಳುನೆಲವನ್ನೂ ಚೆನ್ನಾಗಿ ನೋಡಿ, 'ಖಡೀನ'ವೆಂಬ ಕೃಷಿಯನ್ನು ಬೆಳೆಸಿದರು. ಅದರ ಕ್ರಮ ಹೀಗೆ: ಮೇಲುಗಡೆ ಬೋಳು ಕಲ್ಲಿನ ಇಳಿಜಾರು, ಕೆಳಗೆ ತಗ್ಗಾದ ಮಣ್ಣಿನ ಬಯಲು. ಬಯಲಿನ ಕೆಳ ಅಂಚಿಗೆ ಉದ್ದವಾದ ಮಣ್ಣಿನ ಒಡ್ಡು. ಬೆಳೆಯುವ ಹೊಲ ಒಂದು ಪಾಲಾದರೆ ಅದಕ್ಕೆ ನೀರನ್ನೀಯುವ ಇಳಿಜಾರು ಹತ್ತು ಹದಿನೈದು ಪಾಲು. ಮಳೆಯು ಬಿದ್ದಾಗ ಕಲ್ಲಿನ ಮೇಲಿನ ನೀರೆಲ್ಲ ಹರಿದು ಬಂದು ಒಡ್ಡಿನ ಹಿಂದೆ ನಿಲ್ಲುವುದು. ತುಂಬಿ ಹೆಚ್ಚಾದದ್ದು ಕೋಡಿಯಿಂದ ಮುಂದಿನ ಖಡೀನಕ್ಕೆ. ನಿಂತ ನೀರು ಕಾರ್ತಿಕದ ಹೊತ್ತಿಗೆ ನೆಲಕ್ಕೆ ಇಂಗಿದ ಮೇಲೆ, ಆ ಹಸಿಯಲ್ಲಿಯೇ ಗೋಧಿಯನ್ನೂ ಕಡಲೆಯನ್ನೂ ಬಿತ್ತುವರು. ಮುಂದೆ ಒಂದು ಹನಿಯೂ ಬೀಳದಿದ್ದರೂ ಬೆಳೆ ಬರುವುದು. ೧೬ ಸೆಂಟಿಮೀಟರು ಮಳೆಯ ಸೀಮೆಯಲ್ಲಿ ಗೋಧಿ! ಒಡ್ಡಿನ ಕೆಳಗಿನ ಬಾವಿಗಳೂ ಸಿಹಿಯಾಗುವುವು. ಭೂಮಿಯು ಅರಸನದು, ದುಡಿಮೆಯು ಪಾಲೀವಾಲರದು, ಬೆಳೆಯ ನಾಲ್ಕರಲ್ಲೊಂದು ಪಾಲು ಅರಸನಿಗೆ, ಎಂಬ ಕಟ್ಟಳೆಯಿತ್ತೆಂದು ಹೇಳುವರು. ಈ ಲೆಕ್ಕವೂ ಬಯಲಿನಲ್ಲಿಯೇ. ಕಣದಲ್ಲಿ ರಾಶಿಯನ್ನು ಎಲ್ಲರೂ ನೋಡುವರು.

ಈಗ ವ್ಯಾಪಾರದ ಮಾತಿಗೆ ಬರೋಣ. ಜೈಸಲ್ಮೇರದ ಭಾಟಿ ಸರದಾರರು ಪೂರ್ವದಲ್ಲಿ ಸಾರ್ಥಗಳನ್ನು ಕೊಳ್ಳೆಹೊಡೆದೇ ಹೆಸರಾದವರು. ಅಲ್ಲಾವುದ್ದೀನ ಖಿಲ್ಜಿಯ ಸೈನ್ಯವು ಈ ಕೋಟೆಯ ಮೇಲೆ ಬಂದದ್ದೂ ಅಂತಹ ಒಂದು ಕೊಳ್ಳೆಯ ನಿಮಿತ್ತವೆಂದು ಅವರ ಐತಿಹ್ಯವೇ ಹೇಳುತ್ತದೆ. ಕಾಲಕ್ರಮದಲ್ಲಿ ಅವರಿಗೆ ಒಂದು ಬುದ್ಧಿ ಬಂದಿತು. ಒಮ್ಮೆ ಕೊಳ್ಳೆಹೊಡೆದವನು ಮತ್ತೆ ಆ ದಾರಿಯಲ್ಲಿ ಬರುವುದಿಲ್ಲ. ಕಾಪಾಡಿ ಕಳುಹಿಸಿದರೆ ವರ್ಷವರ್ಷವೂ ಬಂದು ಸುಂಕವನ್ನು ತೆತ್ತು ಹೋಗುವನು. ಸಿಂಧೂ ನದಿಯ ಬಯಲಿಗೂ ಹಿಂದುಸ್ತಾನದ ಪೇಟೆಗಳಿಗೂ ನಡುವಣ ಒಂಟೆಯ ದಾರಿಗಳು ಈ ರಾಜ್ಯವನ್ನು ಹಾದುಹೋಗುತ್ತಿದ್ದುವು. ಕರ್ನಲ್ ಜೇಮ್ಸ್ ಟಾಡನು ೧೮೩೨ರಲ್ಲಿ ಪ್ರಕಟವಾದ ತನ್ನ ರಾಜಸ್ಥಾನ ಇತಿಹಾಸದ ಎರಡನೆಯ ಸಂಪುಟದಲ್ಲಿ ಅಲ್ಲಿ ಸಾಗುತ್ತಿದ್ದ ಸರಕುಗಳನ್ನು ಎಣಿಸಿದ್ದಾನೆ: ನೀಲಿ, ಕೋಟಾ ಮತ್ತು ಮಾಳವದ ಅಫೀಮು, ಬೀಕಾನೇರದ ಕಲ್ಲುಸಕ್ಕರೆ, ಜಯಪುರದ ಕಬ್ಬಿಣದ ಸಾಮಾನು, ಇವು ಶಿಕಾರಪುರ ಮತ್ತು ಸಿಂಧಿನ ಕಡೆಗೆ, ಆನೆಯ ದಂತ, ಖರ್ಜೂರ, ತೆಂಗು, ಔಷಧಿ, ಚಂದನ, ಒಣಹಣ್ಣು, ಇವು ಆ ಕಡೆಯಿಂದ. ಈ ಹಾದಿಸುಂಕಕ್ಕೆ 'ದಾಣ'ವೆಂದು ಹೆಸರು. ನಮ್ಮ ಕಿವಿಗೆ ಅದು ದಾನವೆಂದು ಕೇಳಿಸಿದರೆ ಅದು ಆ ಭಾಷೆಯ ತಪ್ಪಲ್ಲ. ತೆರುವ ವ್ಯಾಪಾರಿಗೆ ಅವೆರಡರ ಅಂತರವು ಚೆನ್ನಾಗಿ ಗೊತ್ತಿತ್ತು.

ಒಂದು ಸಂಗತಿಯನ್ನು ಇಲ್ಲಿ ತಾವು ಲಕ್ಷ್ಯಕ್ಕೆ ತರಬೇಕು. ಕುಂಯಿಯು ಸಂಜೆಯ ಬೆಳಕಿನಲ್ಲಿ ಎಲ್ಲರೆದುರು ತೆರೆಯುತ್ತಿತ್ತು. ಕೆರೆಯ ಕೋಡಿ ಎಷ್ಟು ಎತ್ತರವೆಂಬುದು ಕುರಿ ಕಾಯುವವನಿಗೂ ಕಾಣುತ್ತಿತ್ತು. ಆದರೆ ದಾಣದ ಲೆಕ್ಕವು ಮಂತ್ರಿಯ ಮನೆಯ ಒಳಕೋಣೆಯಲ್ಲಿ, ಅವನ ವಹಿಗಳಲ್ಲಿ ಇರುತ್ತಿತ್ತು. ಒಂದೇ ರಾಜ್ಯದ ಒಂದೇ ಜನರು ನೀರನ್ನು ಶತಮಾನಗಳ ಕಾಲ ನ್ಯಾಯದಿಂದ ಹಂಚಿಕೊಂಡು, ಸುಂಕದ ವಿಷಯದಲ್ಲಿ ಒಬ್ಬ ಮನುಷ್ಯನ ಆಯುಷ್ಯದೊಳಗೇ ನೆಲಕಚ್ಚಿದುದಕ್ಕೆ ನನ್ನ ಬುದ್ಧಿಗೆ ತೋಚುವ ಮುಖ್ಯ ಕಾರಣವು ಇದೇ. ಕರ್ಮಕಥೆಯನ್ನು ಕೇಳಿ ತಾವೇ ತೂಗಿ ನೋಡಿರಿ.

೧೭೬೨ರಲ್ಲಿ ಮೂಲರಾಜನೆಂಬುವನು ಪಟ್ಟಕ್ಕೆ ಬಂದನು. ಅವನ ದಿವಾನನು ಮೆಹತಾ ಮನೆತನದ ಸ್ವರೂಪಸಿಂಹ. ಮೆಹತಾ ಮನೆತನದವರು ಜೈನ ಮತದವರು, ಲೆಕ್ಕಪತ್ರಗಳಲ್ಲಿ ನಿಪುಣರು; ರಾಜ್ಯದ ಆಡಳಿತವು ಅವರ ಕೈಯಲ್ಲಿ ನಿಂತಿತ್ತು. ದಿವಾನನಿಗೂ ಭಾಟಿ ಸರದಾರರಿಗೂ ಹಗೆ ಬೆಳೆಯಿತು. ಯುವರಾಜ ರಾಯಸಿಂಹನ ವೆಚ್ಚದ ಹಣವನ್ನು ದಿವಾನನು ಕಡಿಮೆ ಮಾಡಿದ್ದನಾದುದರಿಂದ ಯುವರಾಜನೂ ಸರದಾರರ ಪಕ್ಷವಾದನು. ಒಂದು ದಿನ ತುಂಬಿದ ದರಬಾರಿನಲ್ಲಿ ಯುವರಾಜನು ಕತ್ತಿಯನ್ನು ಹಿರಿದನು. ದಿವಾನನು ರಾವಲನ ಮರೆಹೊಕ್ಕರೂ ಉಳಿಯಲಿಲ್ಲ. ರಾವಲನನ್ನೇ ಸೆರೆಯಲ್ಲಿಟ್ಟು ಮಗನು ಮೂರು ತಿಂಗಳು ಆಳಿದನು. ಕೊನೆಗೆ ಒಬ್ಬ ಸರದಾರನ ಹೆಂಡತಿಯು ಸ್ವಾಮಿದ್ರೋಹವನ್ನು ಸಹಿಸಲಾರದೆ ತನ್ನ ಮಗನಾದ ಜೋರಾವರಸಿಂಹನನ್ನು ಕಳುಹಿಸಿ ಮುದಿ ರಾವಲನನ್ನು ಬಿಡಿಸಿದಳು. ರಾಯಸಿಂಹನು ದೇಶಭ್ರಷ್ಟನಾದನು.

ಹತನಾದ ದಿವಾನನಿಗೆ ಹನ್ನೊಂದು ವರ್ಷದ ಮಗನಿದ್ದನು. ಅವನೇ ಸಾಲಿಮಸಿಂಹ. ತಂದೆಯ ಪದವಿಯು ಅವನಿಗೇ ಬಂದಿತು. ಮೆಲುದನಿಯ, ವಿನಯದ ಮನುಷ್ಯ. ಮನಸ್ಸಿನಲ್ಲಿದ್ದುದು ಮುಖದಲ್ಲಿ ಕಾಣುತ್ತಿರಲಿಲ್ಲವೆಂದು ಟಾಡನು ಅವನ ಚಿತ್ರವನ್ನು ಕೊಡುತ್ತಾನೆ. ಒಮ್ಮೆ ಜೋಧಪುರದಿಂದ ಹಿಂದಿರುಗುತ್ತಿರುವಾಗ ಅವನು ಬಹಿಷ್ಕೃತರಾದ ಸರದಾರರ ಕೈಗೆ ಸಿಕ್ಕಿಬಿದ್ದನು. ಕತ್ತಿಗಳು ಒರೆಯಿಂದ ಹೊರಬಂದಿದ್ದುವು. ಸಾಲಿಮನು ತನ್ನ ಪಾಗನ್ನು ತೆಗೆದು ಜೋರಾವರಸಿಂಹನ ಪಾದಗಳ ಮೇಲಿಟ್ಟನು. ಶರಣಾಗತನನ್ನು ಕೊಲ್ಲಕೂಡದೆಂದು ಜೋರಾವರನು ಅವನನ್ನು ಉಳಿಸಿದನು. ಕೆಲವು ಕಾಲದಲ್ಲಿಯೇ ಆ ಜೋರಾವರನು ವಿಷಪ್ರಯೋಗದಿಂದ ಸತ್ತನು. ದೇಶಭ್ರಷ್ಟನಾಗಿ ಹಿಂದಿರುಗಿದ್ದ ರಾಯಸಿಂಹನು ಹೆಂಡತಿಯೊಡನೆ ತಾನಿದ್ದ ಕೋಟೆಗೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋದನು. ಅವನ ಮಕ್ಕಳೂ ವಿಷದಿಂದ ಮಡಿದರು. ಇವೆಲ್ಲವೂ ದಿವಾನನ ಕೃತ್ಯಗಳೆಂದೇ ಟಾಡನು ಬರೆದಿದ್ದಾನೆ. ರಾಜವಂಶದಲ್ಲಿ ಉಳಿದವರೊಳಗೆ ಚಿಕ್ಕವನಾದ ಗಜಸಿಂಹನನ್ನು ಮುಂದಿನ ರಾವಲನೆಂದು ಆರಿಸಿಕೊಳ್ಳಲಾಯಿತು. ತಂದೆಯ ಕೊಲೆಯನ್ನು ಕಣ್ಣಾರೆ ಕಂಡಂತೆ ಬೆಳೆದ ಹುಡುಗನ ಮನಸ್ಸಿನಲ್ಲಿ ಏನು ಹುದುಗಿತ್ತೆಂಬುದನ್ನು ಊಹಿಸಿ ಮರುಗಬಹುದು. ಆದರೆ ಆ ಹಗೆಯ ಬೆಲೆಯನ್ನು ತೆತ್ತವರು ಅವನ ತಂದೆಯನ್ನು ಕೊಂದವರು ಮಾತ್ರವಲ್ಲ; ದರಬಾರಿನ ಮೆಟ್ಟಿಲನ್ನೇ ಹತ್ತದ ಒಕ್ಕಲಿಗರೂ ವ್ಯಾಪಾರಿಗಳೂ ತೆತ್ತರು.

ತೆರಿಗೆಗಳ ಹೆಸರುಗಳನ್ನು ಕೇಳಿರಿ. ಒಲೆಯಿಂದ ಹೊಗೆ ಏಳುವ ಪ್ರತಿಯೊಂದು ಮನೆಗೂ 'ಧುಆಂ', ಎಂದರೆ ಹೊಗೆಸುಂಕ. ಅದನ್ನೇ 'ಥಾಲೀ' ಎಂದರೆ ಊಟದ ತಟ್ಟೆಯ ಸುಂಕವೆಂದೂ ಕರೆಯುತ್ತಿದ್ದರು. ಇವು ಹಳೆಯವು, ಅಲ್ಪವಾದವು. ಅವುಗಳ ಮೇಲೆ 'ದಂಡ'. ತಪ್ಪು ಮಾಡಿದವನಿಗೆ ದಂಡವೆಂಬುದು ನಮಗೆ ತಿಳಿದ ಅರ್ಥ. ಅಲ್ಲಿ ಹಣವಿರುವುದೇ ತಪ್ಪೆಂಬಂತೆ ವ್ಯಾಪಾರಿಗಳ ಮೇಲೂ ಒಕ್ಕಲಿಗರ ಮೇಲೂ ಅದು ಬೀಳತೊಡಗಿತು. ಪಾಲೀವಾಲರು ಆಗ ಬರಿಯ ಒಕ್ಕಲಿಗರಾಗಿ ಉಳಿದಿರಲಿಲ್ಲ. ಒಳನಾಡಿನ ವ್ಯಾಪಾರವೆಲ್ಲ ಅವರ ಕೈಯಲ್ಲಿತ್ತು. ಸಾಗುವಳಿಗೆ ಮುಂಗಡ ಹಣ ಕೊಟ್ಟು, ಉಣ್ಣೆಯನ್ನೂ ತುಪ್ಪವನ್ನೂ ಕೊಂಡು ಹೊರನಾಡಿಗೆ ಕಳುಹಿಸುತ್ತಿದ್ದರು. ಸಂಖ್ಯೆಯಲ್ಲಿ ರಾಜಪೂತರಿಗೆ ಸಮಾನರು, ಐಶ್ವರ್ಯದಲ್ಲಿ ಅವರನ್ನು ಮೀರಿದವರು ಎಂದು ಟಾಡನ ಮಾತು. ಅವರು ಕುದುರೆಯ ಕಡಿವಾಣವನ್ನು ಪೂಜಿಸುವರೆಂಬ ಒಂದು ವಿಚಿತ್ರ ಸಂಗತಿಯನ್ನೂ ಅವನು ಬರೆದಿಟ್ಟಿರುವನು. ಹಣವಿದ್ದ ಕಡೆಗೆ ದಿವಾನನ ದೃಷ್ಟಿಯು ಸಹಜವಾಗಿಯೇ ಹರಿಯಿತು. ನೆಲದಲ್ಲಿ ನೀರನ್ನು ನಿಲ್ಲಿಸಬಲ್ಲ ಜನರು ನಾಡು ಬಿಟ್ಟು ಹೋಗತೊಡಗಿದರು. ಸಾವಿರಾರು ಕುಟುಂಬಗಳು ಹೋದುವೆಂದೂ, ಹೊರನಾಡುಗಳಲ್ಲಿ ನೆಲಸಿದ್ದ ಸಾಹುಕಾರರು ತಾಯ್ನಾಡಿಗೆ ಕಾಲಿಡಲು ಅಂಜುತ್ತಿದ್ದರೆಂದೂ, ಊರಿನಲ್ಲುಳಿದ ಅವರ ಮನೆಯವರು ಒತ್ತೆಯಾಳುಗಳಂತೆ ಆಗಿದ್ದರೆಂದೂ ಟಾಡನು ದಾಖಲೆ ಮಾಡಿದ್ದಾನೆ.

ಪ್ರವಾಸಿಗಳಿಗೆ ಹೇಳುವ ಕಥೆಯು ಬೇರೆ. ಕುಲಧರಾ ಎಂಬ ಪಾಲೀವಾಲರ ಗ್ರಾಮದ ಮುಖಂಡನ ಮಗಳ ಮೇಲೆ ದಿವಾನನು ಕಣ್ಣಿಟ್ಟನಂತೆ. ಅದಕ್ಕಾಗಿ ೮೪ ಗ್ರಾಮಗಳ ಜನರು ಒಂದೇ ರಾತ್ರಿಯಲ್ಲಿ ಹೊರಟು, ಮತ್ತೆ ಇಲ್ಲಿ ಯಾರೂ ನೆಲಸದಿರಲೆಂದು ಶಪಿಸಿ ಹೋದರಂತೆ. ಕಥೆಯು ಕೇಳಲು ರೋಚಕ. ಆದರೆ ಆ ಗ್ರಾಮವು ಹಲವು ದಶಕಗಳಲ್ಲಿ ಕ್ರಮೇಣ ಬರಿದಾಯಿತೆಂದು ತೋರುವುದು. ಬಾವಿಗಳು ಬತ್ತಿದುವೆಂದು ಕೆಲವು ವಿದ್ವಾಂಸರ ಅಭಿಪ್ರಾಯ. ಬಿದ್ದ ಮನೆಗಳ ಲಕ್ಷಣಗಳನ್ನು ನೋಡಿ ಭೂಕಂಪವಾಗಿರಬಹುದೆಂದು ೨೦೧೭ರಲ್ಲಿ ಕೆಲವರು ಬರೆದರು. ಇವುಗಳಲ್ಲಿ ಯಾವುದನ್ನೂ ನಾನು ತಳ್ಳಿಹಾಕುವವನಲ್ಲ. ಆದರೆ ಬಾವಿಯು ಬತ್ತಿದರೆ ಹೊಸದನ್ನು ತೋಡುವುದನ್ನೂ ಗೋಡೆಯು ಬಿದ್ದರೆ ಮತ್ತೆ ಕಟ್ಟುವುದನ್ನೂ ಆ ಜನರು ಬಲ್ಲವರಾಗಿದ್ದರು. ಪಾಲೀಯಿಂದ ಬರಿಗೈಯಲ್ಲಿ ಬಂದವರಲ್ಲವೇ? ಕಟ್ಟಿದುದು ತಮ್ಮದಾಗಿ ಉಳಿಯುವುದೆಂಬ ನಂಬಿಕೆಯಿದ್ದರೆ ಮಾತ್ರ ಮನುಷ್ಯನು ಎರಡನೆಯ ಸಲ ಕಟ್ಟುವನು. ಒಂದು ಹುಡುಗಿಯ ಕಥೆಯು ಉಳಿದು ದಂಡದ ಲೆಕ್ಕವು ಜನರಿಗೆ ಮರೆತುಹೋದುದು ದಿವಾನನ ಪುಣ್ಯವೆಂದೇ ಹೇಳಬೇಕು.

ಇನ್ನೊಂದು ಮಾತು. ಮುಂಚೆ ಇಂತಹ ಮಂತ್ರಿಗೆ ಸರದಾರರ ಕತ್ತಿಯ ಭಯವಾದರೂ ಇತ್ತು. ೧೮೧೮ರ ಡಿಸೆಂಬರಿನಲ್ಲಿ ಜೈಸಲ್ಮೇರವು ಈಸ್ಟ್ ಇಂಡಿಯಾ ಕಂಪನಿಯೊಡನೆ ಒಡಂಬಡಿಕೆ ಮಾಡಿಕೊಂಡಿತು. ಹೊರಗಿನ ಶತ್ರುಗಳ ಭಯವು ನೀಗಿತು; ಒಳಗಿನ ಪ್ರತಿಭಟನೆಯ ಬಲವೂ ಕುಂದಿತು. ಈ ರಕ್ಷಣೆಯು ಪ್ರಜೆಗಳಿಗಿಂತ ಪೀಡಕನಿಗೇ ಹೆಚ್ಚು ಉಪಯೋಗವಾಯಿತೆಂದು ಕಂಪನಿಯ ಅಧಿಕಾರಿಯಾದ ಟಾಡನೇ ಪರಿತಪಿಸುತ್ತಾನೆ. ಸಾಲಿಮನು ೧೮೨೪ರಲ್ಲಿ ತೀರಿಕೊಂಡನು. ಒಬ್ಬ ರಾಜಪೂತನು ಅವನನ್ನು ಇರಿದನೆಂದೂ, ಗಾಯವು ಮಾಯುತ್ತಿರುವಾಗ ಮನೆಯೊಳಗೇ ವಿಷ ಬಿದ್ದಿತೆಂದೂ ಪ್ರತೀತಿ. ಅವನು ಕಟ್ಟಿಸಿದ ಹವೇಲಿಯು ಕೋಟೆಯ ಬುಡದಲ್ಲಿ ಈಗಲೂ ಇರುವುದು. ಕೆಳಗೆ ಇಕ್ಕಟ್ಟಾಗಿ ಮೇಲೆ ನವಿಲಿನಂತೆ ಅರಳಿದ ವಿಚಿತ್ರ ಸೌಧ. ಅದರ ಮೇಲೆ ಇನ್ನೆರಡು ಅಂತಸ್ತುಗಳಿದ್ದು, ಅರಮನೆಗಿಂತ ಎತ್ತರವಾಗುವುದೆಂದು ಅರಸನು ಅವನ್ನು ಕೀಳಿಸಿದನೆಂದು ಊರಿನವರು ಹೇಳುವರು.

ಎಲ್ಲ ಧನಿಕರ ಮನೆಗಳೂ ಒಂದೇ ಬಗೆಯೆಂದು ನಾನು ಹೇಳುವುದಿಲ್ಲ. ಇದೇ ಕಾಲದಲ್ಲಿಯೇ, ೧೮೦೫ರಲ್ಲಿ, ಗುಮಾನಚಂದ ಪಟವಾ ಎಂಬ ಜರಿ ಮತ್ತು ಅಫೀಮಿನ ವ್ಯಾಪಾರಿಯು ಒಂದು ಹವೇಲಿಗೆ ಅಡಿಗಲ್ಲಿಟ್ಟನು. ಅವನ ಐವರು ಮಕ್ಕಳಿಗೆಂದು ಐದು ಸೌಧಗಳು ಸುಮಾರು ಅರ್ಧ ಶತಮಾನದಲ್ಲಿ ಮೇಲೆದ್ದುವು. ಕಲ್ಲನ್ನು ಕಸೂತಿಯಂತೆ ಕೊರೆದ ಆ ಗವಾಕ್ಷಗಳನ್ನು ನೋಡಲು ಈಗ ದೇಶದೇಶಗಳಿಂದ ಜನರು ಬರುವರು. ಆದರೆ ಈ ಮನೆತನದವರು ತಮ್ಮ ಬಂಡವಾಳವನ್ನೆಲ್ಲ ಜೈಸಲ್ಮೇರದಲ್ಲಿಯೇ ಇಟ್ಟಿರಲಿಲ್ಲ. ಐವರಲ್ಲಿ ಜೋರಾವರಮಲ್ಲನು ಉದಯಪುರದಲ್ಲಿ ಆ ಸಂಸ್ಥಾನದ ಸಾಹುಕಾರನಾಗಿ ನೆಲಸಿದನು. ಹುಂಡಿಯ ಕಾಗದಕ್ಕೆ ಕಾಲುಂಟು, ದಿವಾನನ ಕೈಗೆ ಸಿಕ್ಕದೆ ಓಡಬಲ್ಲುದು. ಖಡೀನದ ಒಡ್ಡಿಗೆ ಆ ಸೌಕರ್ಯವಿಲ್ಲ. ಪಟವಾಗಳು ಉಳಿದು ಪಾಲೀವಾಲರು ಅಳಿದುದರ ಗುಟ್ಟು ಇಷ್ಟೇ. ಪಟವಾಗಳ ಧರ್ಮಬುದ್ಧಿಯನ್ನು ನಾನು ಅಲ್ಲಗಳೆಯುವುದಿಲ್ಲ. ಹಿಮ್ಮತರಾಮ ಪಟವಾನು ೧೮೭೧ರಲ್ಲಿ ಅಮರಸಾಗರದ ದಂಡೆಯ ಮೇಲೆ ಅತಿ ಸುಂದರವಾದ ಜೈನಮಂದಿರವನ್ನು ಕಟ್ಟಿಸಿದನು.

ಆ ಅಮರಸಾಗರವು ೧೭ನೆಯ ಶತಮಾನದಲ್ಲಿ ಅಮರಸಿಂಹನೆಂಬ ಅರಸನು ಕಟ್ಟಿಸಿದ ಕೆರೆ. ಅದರ ದಂಡೆಯಲ್ಲಿ ಬೇರೆಬೇರೆ ಎತ್ತರಗಳಲ್ಲಿ ಕಲ್ಲಿನ ಆನೆ ಕುದುರೆಗಳ ಮೂರ್ತಿಗಳನ್ನು ನಿಲ್ಲಿಸಿರುವರು. ನೋಡುವವರಿಗೆ ಅವು ಅಲಂಕಾರ; ಊರಿನವರಿಗೆ ಅಳತೆಗೋಲು. ನೀರು ಯಾವ ಮೂರ್ತಿಯನ್ನು ಮುಟ್ಟಿತೆಂಬುದನ್ನು ನೋಡಿ, ಇದು ಎಷ್ಟು ತಿಂಗಳಿಗೆ ಸಾಕೆಂದು ಹೆಂಗಸರೂ ಮಕ್ಕಳೂ ಎಣಿಸಬಲ್ಲವರಾಗಿದ್ದರು. ಆ ರಾಜ್ಯದ ಸುಂಕದ ಮನೆಯ ಗೋಡೆಗೆ ಇಂತಹ ಒಂದು ಕಲ್ಲಾನೆಯಾದರೂ ಇದ್ದಿದ್ದರೆ ಎಂದು ನನಗೆ ಅನೇಕ ಸಲ ಅನಿಸಿದುದುಂಟು. ಕೆರೆಯು ಬೇಸಗೆಯಲ್ಲಿ ಒಣಗಿದಾಗ ಅದರ ಒಡಲಿನಲ್ಲಿಯೇ ತೋಡಿಟ್ಟ ಬಾವಿಗಳಿಂದ ಇಂಗಿದ ನೀರನ್ನು ಸೇದುವರು.

ಮುಂದಿನ ಕಥೆಯನ್ನು ಬೇಗನೆ ಮುಗಿಸುವೆನು. ಮುಂಬಯಿಯ ಬಂದರವೂ ಉಗಿಬಂಡಿಯೂ ಬೆಳೆದಂತೆ ಒಂಟೆಯ ದಾರಿಗಳು ಬಡವಾದುವು. ೧೯೪೭ರ ವಿಭಜನೆಯಿಂದ ಸಿಂಧಿನ ಕಡೆಯ ದಾರಿಯು ಪೂರ್ಣವಾಗಿ ಮುಚ್ಚಿತು. ದಾಣವನ್ನು ತೆಗೆದುಕೊಳ್ಳುವವರೂ ಕೊಡುವವರೂ ಉಳಿಯಲಿಲ್ಲ. ರಾಜ್ಯವು ಭಾರತದಲ್ಲಿ ವಿಲೀನವಾಯಿತು. ಪಂಜಾಬಿನ ಹರೀಕೆಯಿಂದ ಹೊರಟ ದೊಡ್ಡ ಕಾಲುವೆಯು, ಈಗ ಇಂದಿರಾ ಗಾಂಧಿಯವರ ಹೆಸರಿನದು, ೧೯೮೭ರ ಸುಮಾರಿಗೆ ಈ ಜಿಲ್ಲೆಗೆ ನೀರನ್ನು ತಂದಿತು. ಕೊಳಾಯಿಗಳು ಬಂದುವು. ಗಡೀಸರದ ಆಗೋರದಲ್ಲಿ ಕಟ್ಟಡಗಳು ಎದ್ದುವು. ಕೆರೆಗೂ ಕಾಲುವೆಯ ನೀರನ್ನೇ ಬಿಡುವಂತಾಯಿತು. ಕುಂಯಿ ತೋಡಬಲ್ಲ ಕುಶಲಿಗಳು ವಿರಳವಾದರು.

ಆದರೆ ಖಡೀನಗಳು ಸತ್ತಿಲ್ಲ. ಪಾಲೀವ‌ಾಲರು ಬಿಟ್ಟುಹೋದ ಒಡ್ಡುಗಳನ್ನು ಬೇರೆ ಕುಲದ, ಬೇರೆ ಮತದ ಒಕ್ಕಲಿಗರು ಹಿಡಿದು ಉಳುತ್ತಿರುವರು. ಅವರಲ್ಲಿ ರಾಜಪೂತರೂ ಮುಸಲ್ಮಾನರೂ ಇರುವರು. ಒಳ್ಳೆಯ ಮಳೆಯಾದ ವರ್ಷ, ಬಿದ್ದ ಮನೆಗಳ ಸಾಲಿನಿಂದ ಬಹುದೂರವಲ್ಲದ ತಗ್ಗುಗಳಲ್ಲಿ, ನವೆಂಬರಿನಲ್ಲಿ ನೀರು ಇಂಗಿದ ಮೇಲೆ ಬಿತ್ತನೆ ನಡೆಯುತ್ತದೆ. ಒಡ್ಡಿನಲ್ಲಿ ಬಿರುಕು ಕಂಡರೆ ಪಾಲುಗಾರರೆಲ್ಲರೂ ಸೇರಿ ಮಣ್ಣು ಹಾಕುತ್ತಾರೆ. ಮಾಘದಲ್ಲಿ ಅಲ್ಲಿ ಹೋದವರು ಹಳದಿ ಮರಳಿನ ನಡುವೆ ಹಸುರು ಗೋಧಿಯ ಪೈರನ್ನು ಕಾಣಬಹುದು.